ತೆರೆ ಎನ್ನಿಸಿಕೊಂಡ ನೀರು

ಅಡುಗೆಮನೆಯಿಂದ ಕಾಫಿ ಲೋಟ ಹಿಡಿದು ಹೊರಟ ನಾನು, ಗ್ಯಾಲರಿಯ ಕುರ್ಚಿ ಸೇರುವಷ್ಟರಲ್ಲಿ ಒಂದಿಷ್ಟನ್ನು ನೆಲದ ಪಾಲು ಮಾಡದ ದಿನ ನನ್ನ ನೆನಪಿನಲ್ಲಿಲ್ಲ. ನಡಿಗೆಯ ಲಯಕ್ಕೂ ಲೋಟದೊಳಗಿನ ತೂಗಾಟಕ್ಕೂ ತಾಳ ಕೂಡಿಬಿಟ್ಟರೆ ಕಾಫಿ ಅಂಚು ದಾಟಲೇಬೇಕೆಂದು ನಾನು ಶಾಸ್ತ್ರೋಕ್ತವಾಗಿ ವಿವರಿಸಬಲ್ಲೆ; ವಿವರಣೆ ಮುಗಿಯುವವರೆಗೂ ನನ್ನ ಹೆಂಡತಿ ಸುಮಿತ್ರಾ ಒರೆಸುವ ಬಟ್ಟೆಯನ್ನು ಚಾಚಿಕೊಂಡೇ ನಿಂತಿರಬಲ್ಲಳು.

ಈ ಶಾಸ್ತ್ರ ನನ್ನ ಹೊಟ್ಟೆಪಾಡು. ಹಲಗೆಯ ಮೇಲೆ ನಿಂತು ಅಲೆಸವಾರಿ ಮಾಡುವವರಿಗಾಗಿ ಕೃತಕ ಅಲೆಗಳ ಕೊಳವನ್ನು ವಿನ್ಯಾಸಗೊಳಿಸುವುದು, ಮುಂಬಯಿ ಪಕ್ಕದ ಠಾಣೆಯ ವಾಗ್ಳೆ ಕೈಗಾರಿಕಾ ಎಸ್ಟೇಟಿನ ಕಚೇರಿಯಲ್ಲಿ ನನ್ನ ಉದ್ಯೋಗ. 'ಸರ್ಫಿಂಗ್' ಎಂದಾಗ ನಮ್ಮ ಹೌಸಿಂಗ್ ಸೊಸೈಟಿಯ ಕಾರ್ಯದರ್ಶಿ ನನ್ನನ್ನು ಬಟ್ಟೆ ಒಗೆಯುವ ಪುಡಿಯ ವ್ಯಾಪಾರಿಯೆಂದು ಬಗೆದು ಸಗಟು ದರ ವಿಚಾರಿಸಿದ್ದರು.

ಅದನ್ನು ಸಹಿಸಬಹುದಿತ್ತು. ಆದರೆ ಮೈಸೂರಿನ ನಲ್ಲಿನೀರಿನಲ್ಲಿ ಬೆಳೆದ ನಾನು ಮದುವೆಯಾದದ್ದು ಮಲ್ಪೆಯ ಹುಡುಗಿಯನ್ನು. ಅವಳೂರಿನಲ್ಲಿ ಅಲೆಗೆ ತೆರೆಯೆಂದು ಹೆಸರು, ಆ ಹೆಸರು ಸಮುದ್ರಕ್ಕೆ ಮಾತ್ರ ಮೀಸಲು. ಅವಳ ಲೆಕ್ಕದಲ್ಲಿ ನಾನು ಸೃಷ್ಟಿಸುವುದು ಬರೀ ನೀರು. "ನಿಮ್ಮ ನೀರು ಎಂತಾಯ್ತು ಮಾರಾಯ್ರೆ?" ಎಂಬುದೇ ಸಂಜೆಯ ಕುಶಲಪ್ರಶ್ನೆ. ಒಮ್ಮೆ ಕಂಪ್ಯೂಟರಿನ ಪರದೆಯಲ್ಲಿ ನನ್ನ ಅಲೆಯನ್ನು ಹೆಮ್ಮೆಯಿಂದ ತೋರಿಸಿದೆ.

"ಬಾಲ್ದಿಯಲ್ಲಿ ಕೈ ಆಡಿಸಿದ್ರೂ ಇಷ್ಟು ಬರ್ತದೆ," ಎಂದಳು. ತೆರೆಯೆಂದರೆ ಪರದೆಯೂ ಹೌದಲ್ಲವೇ ಎಂದು ಶ್ಲೇಷೆಯ ಮೊರೆಹೊಕ್ಕೆ. ಅವಳು ನಗಲಿಲ್ಲ. ನಾಚಿಕೆ ಬಿಟ್ಟು ಹೇಳುತ್ತೇನೆ, ಕೊಳದ ಮಾಲೀಕರ ಮೆಚ್ಚುಗೆಗಿಂತ ಅವಳ ಬಾಯಿಂದ ಆ ಎರಡಕ್ಷರ ಕೇಳಬೇಕೆಂದು ನಾನು ಹಂಬಲಿಸುತ್ತಿದ್ದೆ.

ನವಿ ಮುಂಬಯಿಯ ಅಂಚಿನಲ್ಲಿ ನಮ್ಮ ಮೊದಲ ಕೊಳ ಸಿದ್ಧವಾದಾಗ, ಪರೀಕ್ಷೆಯ ದಿನ ಅವಳನ್ನೂ ಕರೆದೊಯ್ದೆ. ಗೋಡೆಯಾಚೆಯ ಕೋಣೆಗಳಿಂದ ಗಾಳಿ ನೂಕಿದ ನೀರು ಉಬ್ಬಿ ಸಾಗಿ, ತಳ ಮೇಲೇರುವಲ್ಲಿ ಕಾಲು ತಡವರಿಸಿ, ತಲೆಬಾಗಿ ಒಡೆಯಬೇಕು. ಮೊದಲ ಯತ್ನದಲ್ಲಿ ಬಂದದ್ದು ಸಪ್ಪೆ ಕದಲಿಕೆ. "ನೀರು," ಎಂದಳು ಸುಮಿತ್ರಾ. ಗಾಳಿಯ ಒತ್ತಡ ಹೆಚ್ಚಿಸಲು ಯಂತ್ರದವರಿಗೆ ಹೇಳಿ, ಪಾದ ಮುಳುಗುವ ಅಂಚಿನಲ್ಲಿ ಕೊಳಕ್ಕೆ ಬೆನ್ನು ಹಾಕಿ ನಿಂತು, ವೈಫಲ್ಯದ ಕಾರಣಗಳನ್ನು ಅವಳಿಗೆ ಸವಿಸ್ತಾರವಾಗಿ ನಿರೂಪಿಸತೊಡಗಿದೆ.

"ಅಯ್ಯೋ, ತೆರೆ ಬಂತು! ಈಚೆ ಬನ್ನಿ ಮಾರಾಯ್ರೆ!"

ನನ್ನ ತೋಳು ಅವಳ ಮುಷ್ಟಿಯಲ್ಲಿತ್ತು. ಮರುಕ್ಷಣ ಇಬ್ಬರೂ ಸೊಂಟದವರೆಗೆ ಒದ್ದೆ. ಅವಳು ಸೀರೆ ಎತ್ತಿಹಿಡಿದು, ಮೈಯನ್ನು ಪಕ್ಕಕ್ಕೆ ತಿರುಗಿಸಿ, ಕಾಲಡಿಯಲ್ಲಿ ಮರಳು ಇದೆಯೇನೋ ಎಂಬಂತೆ ಕಾಂಕ್ರೀಟಿಗೆ ಬೆರಳೂರಿ ನಿಂತಿದ್ದಳು.

"ಏನಂದೆ? ಇನ್ನೊಂದ್ಸಲ ಹೇಳು."

"ಎಂತ ಇಲ್ಲ. ನೀರು ಬಂತು ಅಂದೆ."

ಠಾಣೆಗೆ ಮರಳುವ ದಾರಿಯುದ್ದಕ್ಕೂ ಅವಳು ಈ ಹೇಳಿಕೆಯಿಂದ ಕದಲಲಿಲ್ಲ. ನಾನು ಮಾತ್ರ ಒದ್ದೆ ಪ್ಯಾಂಟಿನಲ್ಲೇ ಸುಖವಾಗಿದ್ದೆ. ತೂಗಿ ನೋಡಿ ಕೊಡುವ ಪ್ರಶಂಸೆಗಿಂತ, ಯೋಚಿಸಲು ಪುರಸೊತ್ತಿಲ್ಲದಾಗ ಹೊರಬಿದ್ದ ಕೂಗು ದೊಡ್ಡದಲ್ಲವೇ, ನೀವೇ ಹೇಳಿ. ಅದರಲ್ಲೂ ಆ ಕೂಗು ನನ್ನ ಅಲೆಯನ್ನು ಹೊಗಳಲೆಂದು ಹುಟ್ಟಿದ್ದಲ್ಲ, ನನ್ನನ್ನು ಅದರಿಂದ ಉಳಿಸಲೆಂದು ಹುಟ್ಟಿದ್ದು.

ಮರುದಿನ ಬೆಳಿಗ್ಗೆಯೂ ಕಾಫಿ ಎಂದಿನಂತೆ ಅಂಚು ದಾಟಿತು. ಗ್ಯಾಲರಿಯಲ್ಲಿ ಕುಳಿತಿದ್ದ ಸುಮಿತ್ರಾ ಈ ಸಲ ಬಟ್ಟೆ ಚಾಚಲಿಲ್ಲ. ಸೀರೆಯ ನೆರಿಗೆ ಎತ್ತಿ, ಎರಡೂ ಕಾಲುಗಳನ್ನು ಕುರ್ಚಿಯ ಮೇಲಿಟ್ಟುಕೊಂಡು, ಪೇಪರಿನಿಂದ ಕಣ್ಣು ತೆಗೆಯದೆ ಹೇಳಿದಳು:

"ತೆರೆ ಬಂತು ಮಾರಾಯ್ರೆ."