ಹನ್ನೆರಡನೇ ಹೆಸರು

ಸಂಗಪ್ಪ ಕಾಕಾನ ದನಿ ಎಷ್ಟು ದೊಡ್ಡದಂದ್ರ, ಅವ್ರು ನಮ್ಮ ವಾಳೂಜ್ ಗ್ರೌಂಡಿನ್ಯಾಗ "ಪಾಸ್ ಕೊಡೋ!" ಅಂತ ಒದರಿದ್ರ ಅಲ್ಲಿ ನಾಸಿಕದಾಗ ಯಾವನೋ ಪಾಸ್ ಕೊಟ್ಟುಬಿಡ್ತಿದ್ದ. ಒಂದ್ಸಲ ಅವ್ರು ಸೀನಿದ್ದಕ್ಕ ರೆಫ್ರಿ ಸೀಟಿ ಊದಿ ಆಟ ನಿಲ್ಲಿಸ್ಯಾನ. ಸುಳ್ಳಂದ್ರ ನಮ್ಮವ್ವಗ ಕೇಳ್ರಿ. ನಮ್ಮವ್ವ ನನ್ನ ಮಾತು ಯಾವುದೂ ಖರೆ ಅನ್ನಲ್ಲ, ಆ ಮಾತು ಬ್ಯಾರೆ.

ಕಾಕಾ ಭಾಲ್ಕಿ ಕಡಿಯಿಂದ ಇಲ್ಲಿ ಮರಾಠಿ ನಾಡಿಗಿ ದುಡೀಲಾಕ ಬಂದಾವ್ರು. ಫ್ಯಾಕ್ಟ್ರಿ ಗೇಟಿನ ಮುಂದ ಠೇಕೇದಾರನ ಮುಕಾದಮ್. ದಿನಾ ಮುಂಜಾನಿ ಲೇಬರ್ ಮಂದಿ ಹೆಸರು ಕೂಗಿ ಹಾಜರಿ ಬರಿಯೋದು ಅವ್ರ ಕೆಲಸ. ಐತವಾರ ನಮ್ಮ ಕಾಲೋನಿ ಟೀಮಿನ ಮ್ಯಾಚ್ ಇದ್ರ ಅಲ್ಲೂ ಅದೇ. ಆಟ ಸುರು ಆಗೋಕಿಂತ ಮೊದಲ ಹನ್ನೊಂದು ಮಂದಿ ಸಾಲಾಗಿ ನಿಲ್ಲಬೇಕು. ಚಪ್ಪಾಳಿ ಹೊಡಿಯೋ ನಾವೂ ಎದ್ದು ನಿಲ್ಲಬೇಕು. ಕಾಕಾ ಒಬ್ಬೊಬ್ರನ್ನ ಕರೀತಾರ, ಆ ಹುಡುಗ "ಹಾಜರ್!" ಅಂತ ಒದರತಾನ. ಹನ್ನೊಂದು ಮುಗಿದ ಮ್ಯಾಗ ಹನ್ನೆರಡನೇ ಹೆಸರು.

"ಶರಣು!"

ಯಾರೂ ಉತ್ತರ ಕೊಡಂಗಿಲ್ಲ. ಒಂದು ಉದ್ದ ಉಸಿರಿನಷ್ಟು ಹೊತ್ತು ಎಲ್ರೂ ಗಪ್. ಆಮ್ಯಾಗ ಕಾಕಾ ವಹಿಯಾಗ "ಗೈರ್" ಅಂತ ಬರೀತಾರ, ಆಟ ಸುರು. ಎದುರಿನ ಟೀಮಿನವ್ರು ಇದು ಮಾಟ ಅಂತ ತಿಳಿದು ಗೋಲ್‌ಪೋಸ್ಟಿಗಿ ಲಿಂಬಿಹಣ್ಣು ಕಟ್ಟಿದ್ರು. ಏಳು ಲಿಂಬಿಹಣ್ಣು, ನಾನೇ ಎಣಿಸೀನಿ. ನಮ್ಮ ಟೀಮ್ ಆಡೋದು ನೋಡಿದ್ರ ಒಂದೂ ಬೇಕಾಗಿರಲಿಲ್ಲ.

ಶರಣು ಯಾರಂತ ಕೇಳಿದ್ರ ಕಾಕಾ, "ಆಡೋ ಹುಡುಗ" ಅಂತಿದ್ರು. ಅಷ್ಟೇ.

ಒಂದು ಐತವಾರ ನನ್ನ ತಲ್ಯಾಗ ಹುಳ ಹೊಕ್ಕಿತು. ನೀರಿನ ಡ್ರಮ್ಮಿನ ಹಿಂದ ಕುಂತು, ಮೂಗು ಹಿಡಕೊಂಡು, ಗಂಡ್ಸಿನ ದನಿ ಮಾಡಿ, "ಹಾಜರ್!" ಅಂದೆ.

ಎಲ್ರೂ ಹೊಟ್ಟಿ ಹಿಡಕೊಂಡು ನಕ್ರು. ಕಾಕಾ ಡ್ರಮ್ಮಿನ ಕಡಿ ತಿರುಗಿದ್ರು. ಯಾರ ಮಾರಿ ಮ್ಯಾಗ ಬೇಕಾದ್ರೂ ಜೋಕ್ ಮಾಡಾಕಿ ನಾನು. ಆ ಮಾರಿಗಿ ನನ್ನ ಹತ್ರ ಒಂದೂ ಜೋಕ್ ಇರಲಿಲ್ಲ.

ಆವತ್ತು ನಾವು ನಾಲ್ಕು ಗೋಲಿನಿಂದ ಗೆದ್ದೆವು. ಡ್ರಾ ಆದ್ರ ದೀಪಾವಳಿ ಮಾಡೋ ಟೀಮು! ಕ್ಯಾಪ್ಟನ್ ಮಹೇಶ ಓಡಿ ಬಂದ. "ಏ, ಇನ್ನ ಮುಂದ ಪ್ರತಿ ಮ್ಯಾಚಿಗಿ ನೀ ಹಾಜರ್ ಅನ್ನಬೇಕು. ಪಕ್ಕಾ!"

ಮುಂದಿನ ಮ್ಯಾಚೂ ಗೆದ್ದೆವು. ಅದರ ಮುಂದಿಂದೂ. ಕಾಕಾ ಒಮ್ಮೆ ನನ್ನ ಹತ್ರ ಬಂದು, ಅಷ್ಟು ದೊಡ್ಡ ದನಿ ಸಣ್ಣದು ಮಾಡಿ, "ಬ್ಯಾಡವ್ವಾ. ಅದು ಖಾಲಿ ಇರ್ಲಿ" ಅಂದ್ರು.

"ಗೆಲ್ಲಲತೀವಲ್ರೀ ಕಾಕಾ!"

ಕಾಕಾ ತಿರುಗಿ ಹೋದ್ರು. ವಹಿಯಾಗ ಶರಣೂನ ಹೆಸರಿನ ಮುಂದ ಏನೂ ಬರೀಲಿಲ್ಲ.

ನಾಸಿಕದಾಗ ಫೈನಲ್. ಹಿಂದಿನ ದಿನ ಮನ್ಯಾಗ ಆ ದನಿ ಪ್ರಾಕ್ಟೀಸ್ ಮಾಡಲತಿದ್ದೆ. ರೊಟ್ಟಿ ಬಡೀಲತಿದ್ದ ಅವ್ವನ ಕೈ ನಿಂತು ಹೋತು.

"ಯಾರ ದನಿ ಅದು?"

"ಶರಣೂಂದು" ಅಂತ ಹಲ್ಲು ಕಿಸಿದೆ.

"ಶರಣು ಸಂಗಪ್ಪಣ್ಣನ ತಮ್ಮ. ಇದೇ ಟೀಮಿನ್ಯಾಗ ಆಡ್ತಿದ್ದ" ಅಂದಳು ಅವ್ವ. "ಒಂದಿನ ಡ್ಯೂಟಿ ಬಿಟ್ಟು ನಾಸಿಕಕ್ಕ ಮ್ಯಾಚಿಗಿ ಹೋದ. ಗೇಟಿನ್ಯಾಗ ಹೆಸರು ಕರೆದಾವ್ರೂ ಸಂಗಪ್ಪಣ್ಣನೇ, ಅವನ ಬದ್ಲಿ ಹಾಜರ್ ಅಂದಾವ್ರೂ ಸಂಗಪ್ಪಣ್ಣನೇ. ಯೇವಲಾ ದಾಟಿ ತಿರುವಿನ್ಯಾಗ ಗಾಡಿ ಪಲ್ಟಿ ಆತು. ಶರಣು ಎಲ್ಲಿ ಅದಾನಂತ ಪೊಲೀಸ್ರು ಗೇಟಿಗಿ ಎರಡು ಸಲ ಫೋನ್ ಮಾಡಿ ಕೇಳಿದ್ರು. ಸುಳ್ಳು ಸಿಕ್ಕೀತಂತ ಇವ್ರು ಎರಡೂ ಸಲ, 'ಅವ ಡ್ಯೂಟಿ ಮ್ಯಾಗ ಅದಾನ್ರೀ' ಅಂದ್ರು. ಸಂಜೀತನಾ ಹುಡುಗನ ಹೆಣ ಯಾರದಂತ ಗೊತ್ತಿಲ್ಲದೇ ಬಿದ್ದಿತ್ತು."

ನಾಸಿಕ ಗ್ರೌಂಡಿನ್ಯಾಗ ಹನ್ನೊಂದು ಹೆಸರು ಮುಗಿದ್ವು. "ಶರಣು!" ಅಂದ್ರು ಕಾಕಾ. ಎಲ್ರೂ ನನ್ನ ಕಡಿ ನೋಡಿದ್ರು. ಮಹೇಶ ಮೊಳಕೈಲಿ ತಿವಿದು, "ಅನ್ನಲ್ಲೇ, ಬೋಲ್ ನಾ ಗಂ!" ಅಂದ. ನಾ ತುಟಿ ಕಚ್ಚಿ ಹಿಡದೆ. ಕಾಕಾ ನನ್ನ ನೋಡಲಿಲ್ಲ, ಬಗ್ಗಿ ವಹಿಯಾಗ "ಗೈರ್" ಅಂತ ಬರದ್ರು.

ಮೂರು ಗೋಲಿನಿಂದ ಸೋತೆವು. ವಾಪಸ್ ಬರೋ ಟೆಂಪೋದಾಗ ಎಲ್ರೂ ನನ್ನ ಬೈಯೋರೇ. ಹಿಂದಿನ ಸೀಟಿನಿಂದ ಕಾಕಾ ಒಬ್ರೇ, "ಇವತ್ತ ಭಾಳ ಛಲೋ ಆಟ ಆತು" ಅಂದ್ರು.

ಯೇವಲಾ ಬರೋಕಿಂತ ಮೊದಲ ಒಂದು ತಿರುವಿನ್ಯಾಗ ಕಾಕಾ ಗಾಡಿ ನಿಲ್ಲಿಸಿ ಇಳದ್ರು. ಇನ್ನಾ ಬಿಸಿಲಿತ್ತು. ಚಪ್ಪಲಿ ಬಿಟ್ಟು ರೋಡಿನ ಕಡಿಗಿ ನಿಂತು, "ನೀವು ನಡೀರಿ, ನಾ ಬರ್ತೀನಿ" ಅಂದ್ರು.

ಬರಲಿಲ್ಲ. ಹಂಗೇ ಭಾಲ್ಕಿಗಿ ಹೋದ್ರಂತ. ಮುಂದಿನ ವಾರ ಅವ್ರ ಖೋಲಿ ಖಾಲಿ ಆತು.

ಈಗ ಸಾಲ್ಯಾಗ ಟೀಚರ್ ನನ್ನ ಹೆಸರು ಕರೆದ್ರ ನಾ ಲಗೂನ ಪ್ರೆಸೆಂಟ್ ಅನ್ನಲ್ಲ. "ಕಾಯ್ ಗಂ, ನೆಟ್‌ವರ್ಕ್ ನಾಹೀ ಕಾ?" ಅಂತ ಮರಾಠಿಯಾಗ, ನೆಟ್‌ವರ್ಕ್ ಇಲ್ಲೇನಂತ ಕೇಳತಾರ ಟೀಚರ್. ಕ್ಲಾಸೆಲ್ಲ ನಗ್ತದ. ನಾನೂ ನಗ್ತೀನಿ. ಆದ್ರ ಅಷ್ಟೊತ್ತನಾ ನಾ ಕಿವಿ ಕೊಟ್ಟು ಕುಂತಿರ್ತೀನಿ, ಹಿಂದಿನ ಬೆಂಚಿನಿಂದ ಯಾರರ ನನ್ನ ದನೀಲೆ ಹಾಜರ್ ಅಂತಾರೇನೋ ಅಂತ.