ದೋಣಿಯಜ್ಜ ಹೇಳದ ಆಳ

ಹೋದ ವಾರ ಕೊಲ್ಕತ್ತದ ಟಾಲಿಗಂಜಿನ ನಮ್ಮ ಮನೆಯ ಹಿಂದೆ ಯಾರೋ ಒಂದು ಹಳೆಯ ಕೆರೆ ಮುಚ್ಚಿಸುತ್ತಿದ್ದರು. ಲಾರಿಯಿಂದ ಮಣ್ಣು ಸುರಿದಾಗ ಎದ್ದ ವಾಸನೆ ಅಡುಗೆಮನೆಯವರೆಗೂ ಬಂತು. ಕೊಳೆತ ಅಂತರಗಂಗೆ, ಹಸಿ ಕೆಸರು, ಸ್ವಲ್ಪ ಮೀನು... ನಾನು ಕಾಫಿ ಲೋಟ ಹಿಡಿದು ನಿಂತವನು ನಿಂತೇ ಇದ್ದೆ. ಹೆಂಡತಿ ಬಂದು ಕಿಟಕಿ ಹಾಕಿದಳು. ನನಗೆ ಯಾರ ನೆನಪಾಯಿತೆಂದು ಅವಳಿಗೆ ಗೊತ್ತಿತ್ತು.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷವಾಗಿತ್ತು. ಕುಂದಾಪುರದ ಕಡೆಯವನಾದ ನಾನು ಬ್ಯಾಂಕಿನ ವರ್ಗಾವಣೆಯಲ್ಲಿ ಸಾಲ್ಟ್ ಲೇಕಿಗೆ ಬಂದಿದ್ದೆ. ಊರಿನ ಪೂರ್ವದ ಅಂಚಿನಲ್ಲಿ ಕಂಪ್ಯೂಟರ್ ಕಂಪನಿಗಳ ಗಾಜಿನ ಕಟ್ಟಡಗಳು ತಿಂಗಳಿಗೊಂದರಂತೆ ಏಳುತ್ತಿದ್ದವು. ಅವುಗಳ ಬೆನ್ನಿಗೇ ರಸ್ತೆ ಮುಗಿದು ನೀರು ಶುರುವಾಗುತ್ತಿತ್ತು. ಮೀನು ಸಾಕುವ ಆ ದೊಡ್ಡ ಕೆರೆಗಳಿಗೆ ಇಲ್ಲಿಯವರು ಭೇರಿ ಎನ್ನುತ್ತಾರೆ. ಅಂಥದೊಂದು ಭೇರಿಯ ನಡುವೆ ಒಂದು ದ್ವೀಪ, ದ್ವೀಪದ ಮೇಲೊಂದು ಪುಟ್ಟ ಪೇಟೆ. ಅಲ್ಲಿಗೆ ಹೋಗಲು ದೋಣಿಯೊಂದೇ ದಾರಿ.

ಆ ದೋಣಿಯವನನ್ನು ನಾವು ದೋಣಿಯಜ್ಜ ಎಂದೇ ಕರೆಯುತ್ತಿದ್ದೆವು. ಚೌಕಳಿ ಲುಂಗಿ, ಸವೆದ ಹವಾಯಿ ಚಪ್ಪಲಿ, ಕೈಯಲ್ಲಿ ಬಿದಿರಿನ ಜಲ್ಲೆ. ಜಲ್ಲೆಗೆ ಮೊಳಕ್ಕೊಂದರಂತೆ ಕೆಂಪು ಬಟ್ಟೆಯ ಚೂರು ಕಟ್ಟಿದ್ದ. ಅಜ್ಜನಿಗೆ ದ್ವೀಪದ ಮೇಲೆ ಇದ್ದ ಹೆಮ್ಮೆ ಅಷ್ಟಿಷ್ಟಲ್ಲ. ಹಿಂದೆ ಇಲ್ಲಿ ಉಪ್ಪು ನೀರಿನ ಹೊಳೆ ಇತ್ತಂತೆ, ಉಪ್ಪಿನ ದೋಣಿಗಳು ಬಂದು ತಂಗುತ್ತಿದ್ದವಂತೆ. ಹೊಳೆ ಹೂಳು ತುಂಬಿ ಸತ್ತಿತು, ಆಮೇಲೆ ಊರಿನ ಚರಂಡಿ ನೀರು ಹರಿದು ಬಂತು, ಆ ನೀರಿನಲ್ಲೇ ಅವನ ತಾತಂದಿರು ಮೀನು ಬೆಳೆಸಿದರು. ದಡ ಮುಟ್ಟುವಷ್ಟರಲ್ಲಿ ಚರಿತ್ರೆ ಮುಗಿಯುತ್ತಿತ್ತು. ಆಮೇಲೆ ನೋಡುವ ಜಾಗಗಳು: ಉಪ್ಪಿನ ಉಗ್ರಾಣದ ಮುರುಕು ಗೋಡೆ, ಆಲದ ಬುಡದಲ್ಲಿ ಕಾಡಿನ ದೇವಿಯ ಗುಡಿ, ನೀರುಕಾಗೆಗಳು ಕೂತು ಬೆಳ್ಳಗೆ ಮಾಡಿಬಿಟ್ಟ ಒಂದು ಮರ, ಬೆಳಗಿನ ಮೀನು ಸಂತೆ. ಭಾನುವಾರವಾದರೆ ನಮಗೆ ಅಲ್ಲೇ ಮಂಡಕ್ಕಿ, ಅಲ್ಲೇ ಚಹಾ.

ಇಲ್ಲಿಯ ಕನ್ನಡ ಸಂಘದ ಸ್ಮರಣ ಸಂಚಿಕೆಗೆ ನಾನು ಆ ದ್ವೀಪದ ಮೇಲೆ ಲೇಖನ ಬರೆಯಲು ಹೊರಟೆ. ನಮ್ಮವರು ನಾಲ್ಕು ಜನ ಬಂದರೆ ಅಜ್ಜನಿಗೂ ಒಳ್ಳೆಯದು ಎನ್ನುವುದು ನನ್ನ ಲೆಕ್ಕಾಚಾರ. ಅಜ್ಜ ಹಿಗ್ಗಿಹೋದ. ನಾನು ಬರೆದ ನಕ್ಷೆಯಲ್ಲಿ ಆಲದ ಮರವನ್ನು ತಪ್ಪು ಮೂಲೆಗೆ ಹಾಕಿದ್ದೆ, ನನ್ನ ಪೆನ್ನು ಕಿತ್ತುಕೊಂಡು ತಾನೇ ತಿದ್ದಿದ. ಆದರೆ ನೀರು ಎಲ್ಲೆಲ್ಲಿ ಎಷ್ಟೆಷ್ಟು ಆಳ ಎಂದು ಕೇಳಿದಾಗ ಅವನ ಮುಖ ಬಿಗಿದುಕೊಂಡಿತು.

"ಬಾಬು, ಆಳವನ್ನು ಬಾಯಿಬಿಟ್ಟು ಹೇಳಬಾರದು. ದಡದ ಮಣ್ಣು ಕೇಳಿಸಿಕೊಂಡು ನೀರಿಗಿಳಿಯುತ್ತದೆ."

ನನಗೆ ನಗು ಬಂತು. ನಮ್ಮೂರಿನ ಅಳಿವೆಯಲ್ಲಿ ಮುಂದೆ ಹೋಗುವ ದೋಣಿಯವರು ಹಿಂದಿನವರಿಗೆ ಕೂಗಿ ಆಳ ಹೇಳುತ್ತಾರೆ, ಮರಳ ದಿಬ್ಬಕ್ಕೆ ತಾಗದಿರಲಿ ಎಂದು. ಅದನ್ನೇ ನೋಡಿ ಬೆಳೆದ ನನಗೆ ಆಳ ಹೇಳುವುದೆಂದರೆ ಮರ್ಯಾದೆ, ಉಪಕಾರ. ಅಜ್ಜನದು ಬರೀ ಮೂಢನಂಬಿಕೆ ಎಂದುಕೊಂಡೆ. ಅವನು ಮುಂದೆ ನೋಡುತ್ತ ಜಲ್ಲೆ ಹಾಕುತ್ತಿದ್ದಾಗ ನಾನು ಹಿಂದೆ ಕೂತು, ಎಷ್ಟು ಬಟ್ಟೆ ಚೂರು ಒದ್ದೆಯಾಗಿವೆ ಎಂದು ಎಣಿಸಿ ಬರೆದುಕೊಂಡೆ. ಮೂರು ಭಾನುವಾರ ಹೀಗೆ ಕದ್ದೆ. ಹೌದು, ಕದ್ದೆ ಎಂದೇ ಹೇಳಬೇಕು.

ಸಂಚಿಕೆ ಅಚ್ಚಾಗಿ ಬಂತು. ನಕ್ಷೆಗೆ ಇಡೀ ಪುಟ. ನಾನು ಬೀಗುತ್ತ ಮನೆಯಲ್ಲಿ ತೋರಿಸಿದೆ. ಹೆಂಡತಿ ಅಂಕಿಗಳ ಮೇಲೆ ಬೆರಳಿಟ್ಟಳು.

"ಎಂತ ಮಾರಾಯ್ರೆ ಇದು? ಅಜ್ಜ ಬೇಡ ಅಂದದ್ದನ್ನೇ ಬರ್ದದ್ದಾ?"

"ಕನ್ನಡದಲ್ಲಿ ಉಂಟಲ್ಲ ಮಾರಾಯ್ತಿ, ಇಲ್ಲಿ ಯಾರು ಓದ್ತಾರೆ?"

ಲೇಖನವನ್ನು ಯಾರೂ ಓದಲಿಲ್ಲ, ನಿಜ. ಆದರೆ ಅಂಕಿಗಳನ್ನು ನಾನು ಇಂಗ್ಲಿಷಿನಲ್ಲಿ ಹಾಕಿದ್ದೆ. ಸಂಚಿಕೆಯ ಹಿಂಬದಿಯ ಜಾಹೀರಾತು ಕೊಟ್ಟವರು ಒಬ್ಬ ಕಟ್ಟಡದ ಗುತ್ತಿಗೆದಾರರು. ಅವರಿಗೆ ಗೌರವ ಪ್ರತಿಗಳು ಹೋಗಿದ್ದವು.

ಆ ಮಳೆಗಾಲ ಕಳೆದ ಮೇಲೆ ಒಂದು ಭಾನುವಾರ ದೋಣಿಕಟ್ಟೆಗೆ ಹೋದಾಗ ಅಲ್ಲಿ ಕಟ್ಟಡ ಕೆಲಸದ ಟೋಪಿ ಹಾಕಿದ ಇಬ್ಬರು ನಿಂತಿದ್ದರು. ಒಬ್ಬನ ಕೈಯಲ್ಲಿ ಜೆರಾಕ್ಸ್ ಮಾಡಿದ ಹಾಳೆ. ಅದರ ನಡುವೆ ಕನ್ನಡದಲ್ಲಿ 'ದ್ವೀಪ' ಎಂದು ಬರೆದಿತ್ತು, ನನ್ನದೇ ಕೈಬರಹ. ಕೊಲ್ಕತ್ತದಲ್ಲಿ ಎಲ್ಲಿಯಾದರೂ ಕನ್ನಡ ಅಕ್ಷರ ಕಂಡರೆ ಕುಣಿದಾಡುವ ನಾನು ಅವತ್ತು ಎರಡು ಹೆಜ್ಜೆ ಹಿಂದೆ ಸರಿದೆ. ಅವನ ಬೆರಳು ಅತಿ ಕಡಿಮೆ ಅಂಕಿಯಿದ್ದ ಕಡೆ ನಿಂತಿತ್ತು. ಅಜ್ಜ ಹಾಳೆಯನ್ನು ಇಣುಕಿ ನೋಡಿದ. ಅವನಿಗೆ ಓದಲು ಬರುತ್ತಿರಲಿಲ್ಲ, ಆದರೆ ತಾನು ತಿದ್ದಿದ ಆಲದ ಮರ ಅವನಿಗೆ ಗೊತ್ತಿತ್ತು. ನನ್ನ ಕಡೆ ತಿರುಗಿದ. ಆ ದಿನ ಎಂದಿನಂತೆ ಆಚೆ ದಡ ಮುಟ್ಟಿಸಿದ, ಚರಿತ್ರೆ ಮಾತ್ರ ಹೇಳಲಿಲ್ಲ.

ಮಣ್ಣಿನ ಲಾರಿಗಳು ಬಂದವು. ನನ್ನ ನಕ್ಷೆಯಲ್ಲಿ ಎಲ್ಲಿ ಅತಿ ಕಡಿಮೆ ಎಂದಿತ್ತೋ ಅಲ್ಲಿಂದಲೇ ಸುರಿಯಲು ಶುರುಮಾಡಿದರು. ಮೊದಲು ಮೀನು ಹೊಟ್ಟೆ ಮೇಲಾಗಿ ತೇಲಿದವು. ಆಮೇಲೆ ನೀರುಕಾಗೆಗಳು ಮರ ಬಿಟ್ಟವು. ಪೇಟೆಯ ಅಂಗಡಿಗಳು ಒಂದೊಂದಾಗಿ ಬಾಗಿಲು ಹಾಕಿದವು. ನಕ್ಷೆ ಇಲ್ಲದಿದ್ದರೂ ಅವರು ಅಳೆದುಕೊಳ್ಳುತ್ತಿದ್ದರು ಎಂದು ಹೆಂಡತಿ ಸಮಾಧಾನ ಹೇಳಿದಳು. ಇರಬಹುದು... ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ನಾನು ಆಡಿದ್ದೂ ಅಲ್ಲ, ಅಚ್ಚು ಹಾಕಿಸಿದ್ದೆ.

ಕೊನೆಯ ಸಲ ಹೋದಾಗ ದೋಣಿ ಒಣ ಮಣ್ಣಿನ ಮೇಲೆ ಮಗ್ಗುಲಾಗಿತ್ತು. ಅಜ್ಜ ಅದರ ಪಕ್ಕದಲ್ಲಿ ಜಲ್ಲೆ ಹಿಡಿದು ನಿಂತಿದ್ದ, ಜನ ಬರುತ್ತಾರೇನೋ ಎನ್ನುವ ಹಾಗೆ. ಕ್ಷಮೆ ಕೇಳಬೇಕೆಂದು ಬಾಯಿ ತೆರೆದೆ. ಅವನು ಕೈಯೆತ್ತಿ ತಡೆದ. ಜಲ್ಲೆಯನ್ನು ಎದುರಿನ ಹೊಸ ಮಣ್ಣಿಗೆ ಊರಿದ, ಎಳೆದು ತುದಿ ನೋಡಿದ. ಒಂದು ಚೂರು ಬಟ್ಟೆಯೂ ಒದ್ದೆಯಾಗಿರಲಿಲ್ಲ.

"ಆಳ ಕೇಳಿದ್ದೆಯಲ್ಲ ಬಾಬು, ಈಗ ಹೇಳುತ್ತೇನೆ. ಒಂದು ಬೆರಳೂ ಇಲ್ಲ. ಬರೆದುಕೋ."

ನನ್ನ ಜೇಬಿನಲ್ಲಿ ಪೆನ್ನಿತ್ತು. ತೆಗೆಯಲಾಗಲಿಲ್ಲ. ಅಜ್ಜ ಆಮೇಲೆ ಎಲ್ಲಿ ಹೋದನೋ ಯಾರೂ ಹೇಳಲಿಲ್ಲ, ನನಗೂ ಗಟ್ಟಿಯಾಗಿ ಕೇಳುವ ಮುಖವಿರಲಿಲ್ಲ. ಈಗ ಅಲ್ಲಿ ಅಗಲವಾದ ರಸ್ತೆಯಿದೆ, ಟ್ಯಾಕ್ಸಿಯಲ್ಲಿ ಹೋದರೆ ದ್ವೀಪ ಯಾವಾಗ ದಾಟಿತೆಂದೇ ತಿಳಿಯುವುದಿಲ್ಲ.

ಇವತ್ತು ನಮ್ಮ ಹಿಂದಿನ ಕೆರೆಯೂ ಪೂರ್ತಿ ಮುಚ್ಚಿತು, ವಾಸನೆ ನಿಂತಿತು. ಕಪಾಟಿನಿಂದ ಆ ಸಂಚಿಕೆ ತೆಗೆದು, ನಕ್ಷೆಯ ಪುಟದಲ್ಲಿ ನನ್ನ ಅಂಕಿಗಳನ್ನೆಲ್ಲ ಹೊಡೆದುಹಾಕಿ, ಅಜ್ಜ ಹೇಳಿದ್ದನ್ನು ಬರೆದೆ. ಒಂದು ಬೆರಳೂ ಇಲ್ಲ.