ಅಂಟಣ್ಣ ‘ಸರಿ’ ಅಂದ ಮೇಲೆ

ನಮ್ಮ ಗ್ಲೈಡರ್ ಕ್ಲಬ್ಬಿನ ಅಂಟಣ್ಣನಿಗೆ ಸ್ವಂತ ಹೆಸರೂ ಒಂದಿದೆ. ಅದು ಕರೆಂಟ್ ಬಿಲ್ಲಿನಲ್ಲಿ ಬಿಟ್ಟರೆ ಬೇರೆಲ್ಲೂ ಕಾಣಿಸುವುದಿಲ್ಲ. ಹಳೇ ಕುರ್ಚಿ, ಮೇಜು, ಮಂಚ ರಿಪೇರಿ ಮಾಡುವುದು ಅವರ ಕಸುಬು. ಉಗುರಿನ ಸಂದಿಯಲ್ಲಿ ಯಾವಾಗ ನೋಡಿದರೂ ಒಣಗಿದ ಅಂಟು, ಅದಕ್ಕೇ ಆ ಹೆಸರು. ನನಗಂತೂ ಅವರೆಂದರೆ ಪ್ರಾಣ, ಹಾಗಾಗಿ ಇದರಲ್ಲಿ ಸ್ವಲ್ಪ ಹೊಗಳಿಕೆ ಜಾಸ್ತಿ ಆದರೆ ಹೊಟ್ಟೆಗೆ ಹಾಕಿಕೊಳ್ಳಿ.

ಯಾರದೋ ಹುಲ್ಲಿನ ಕೊಟ್ಟಿಗೆಯಲ್ಲಿ ಬಿದ್ದಿದ್ದ ಗ್ಲೈಡರನ್ನು ಅವರು ಹನ್ನೊಂದು ವರ್ಷದ ಹಿಂದೆ ಮನೆಗೆ ತಂದರು. ಸೀಟಿನಲ್ಲಿ ಕೋಳಿ ಮೊಟ್ಟೆ ಇಟ್ಟಿತ್ತಂತೆ. ಅರವತ್ತು ವರ್ಷ ಹಳೆಯದು, ಮರದ ಮೈ, ಬಟ್ಟೆಯ ರೆಕ್ಕೆ, ಒಂದೇ ಸೀಟು. ಎಂಜಿನ್ ಇಲ್ಲ, ತಲೆಯ ಮೇಲೆ ಮುಚ್ಚಳವೂ ಇಲ್ಲ. ಮುಖದ ಮುಂದೆ ಪೋಸ್ಟ್‌ಕಾರ್ಡಿನಷ್ಟು ಗಾಜು, ಆಮೇಲೆ ಬರೀ ಗಾಳಿ. ಅಂಗಡಿಯ ಸೂರಿಗೆ ಹಗ್ಗ ಕಟ್ಟಿ ಅದರ ರೆಕ್ಕೆಗಳನ್ನು ತೂಗುಹಾಕಿದ್ದರು. ಗಿರಾಕಿಗಳು ತಲೆ ಬಗ್ಗಿಸಿಯೇ ಒಳಗೆ ಬರಬೇಕಿತ್ತು. ಅವರ ಹೆಂಡತಿ ಅದರ ಮೇಲೆ ಟವೆಲ್ ಒಣಗಿಸುತ್ತಿದ್ದರು.

ಎಲ್ಲಾ ಮುಗಿದ ದಿನ ಒಳಗೆ ಅಂಟಿಸಿದ್ದ ಹಿತ್ತಾಳೆಯ ತಗಡನ್ನು ತಿಕ್ಕಿ ಓದಿದರೆ, ಕೂರುವವರ ತೂಕ ಅರವತ್ತೈದು ಕಿಲೋಗಿಂತ ಕಡಿಮೆ ಇರಕೂಡದು, ತೊಂಬತ್ತಕ್ಕಿಂತ ಜಾಸ್ತಿ ಇರಕೂಡದು ಎಂದಿತ್ತು. ಅಂಟಣ್ಣ ನೂರಾನಾಲ್ಕು.

“ಅದು ಮೇಲೆ ಹೋಗ್ಬೇಕಾದ್ರೆ ನೀವು ಕೆಳಗಿರ್ಬೇಕು ರೀ, ಅಷ್ಟೇ,” ಎಂದರು ಹೆಂಡತಿ.

“ಹತ್ತು ವರ್ಷ ಬಡಿಸಿದ್ದು ಯಾರೇ?”

“ಬೇಡ ಅಂದಿದ್ದು ಒಂದ್ಸಲನಾದ್ರೂ ಉಂಟಾ ನೀವು?”

ಹಾಗಾಗಿ ಅಂಟಣ್ಣ ನೆಲದವರಾಗಿಯೇ ಉಳಿದರು. ಅದರಲ್ಲಿ ಹಾರುವವರು ಇಬ್ಬರೇ. ಒಬ್ಬರು ಹಲ್ಲಿನ ಡಾಕ್ಟರು, ಇನ್ನೊಬ್ಬಳು ಅಂಟಣ್ಣನ ಮಗಳು. ಅವಳನ್ನು ಎಲ್ಲರೂ ಕರೆಯುವುದು ಗುಬ್ಬಿ ಅಂತ. ಇಪ್ಪತ್ಮೂರು ವರ್ಷ, ನಲವತ್ತೊಂಬತ್ತು ಕಿಲೋ. ಅವಳು ಕೂರುವಾಗ ಸೀಟಿನ ಕೆಳಗೆ ಎಂಟೆಂಟು ಕಿಲೋದ ಎರಡು ಸೀಸದ ಬಿಲ್ಲೆ ಇಟ್ಟು ಬೋಲ್ಟ್ ಬಿಗಿಯಬೇಕು. ಇಲ್ಲದಿದ್ದರೆ ಮುಂದೆ ಭಾರ ಸಾಲದೆ ಗ್ಲೈಡರ್ ಮೂಗು ಎತ್ತುತ್ತದೆ, ವೇಗ ಕಳೆದುಕೊಳ್ಳುತ್ತದೆ, ಆಮೇಲೆ ಗಿರಗಿರ ಸುತ್ತುತ್ತಾ ಕೆಳಗೆ ಬರುತ್ತದೆ. ಡಾಕ್ಟರಿಗೆ ಬಿಲ್ಲೆ ಬೇಡ.

ಅದನ್ನೆಲ್ಲ ನೋಡಿಕೊಳ್ಳುವುದು ಅಂಟಣ್ಣ. ಪ್ರತಿ ಸಲವೂ ಬಾಲದಿಂದ ಶುರುಮಾಡಿ ಮೂಗಿನವರೆಗೂ ಕೈಯಾಡಿಸುತ್ತಾ ಬರುತ್ತಾರೆ, ಹಸುವಿನ ಮೈ ಸವರಿದ ಹಾಗೆ. ಕೊನೆಗೆ ಖಾಲಿ ಸೀಟಿನ ಕೆಳಗೆ ಕೈ ಹಾಕಿ, ಎದ್ದು ನಿಂತು “ಸರಿ” ಅನ್ನುತ್ತಾರೆ. ಅವರು ಸರಿ ಅನ್ನದೆ ಯಾರೂ ಹತ್ತುವುದಿಲ್ಲ.

ಆ ಭಾನುವಾರ ಮೊದಲು ಡಾಕ್ಟರು ಹಾರಿ ಬಂದರು. ಇಳಿಯುವಾಗ ರೆಕ್ಕೆಯ ತುದಿ ಒಣಗಿದ ಗಿಡಕ್ಕೆ ತಾಗಿ ಬಟ್ಟೆ ಅಂಗೈಯಗಲ ಹರಿಯಿತು.

“ನಮ್ ಬಾಯೊಳಗೆ ಸೂಜಿ ತೂರಿಸೋವಾಗ ಗುರಿ ತಪ್ಪಲ್ಲ, ಇಷ್ಟ್ ದೊಡ್ಡ ಮೈದಾನದಲ್ಲಿ ಗಿಡಾನೇ ಹುಡುಕ್ಕೊಂಡ್ ಹೋದ್ರಲ್ಲಾ ಡಾಕ್ಟ್ರೇ!” ಎಂದು ಗೊಣಗುತ್ತಾ ಅಂಟಣ್ಣ ತೇಪೆ ಹಚ್ಚಲು ಕೂತರು. ಅಂಟು ಒಣಗಲು ಅರ್ಧ ಗಂಟೆ. ಅಷ್ಟರಲ್ಲಿ ಬಿಸಿಲು ಏರಿತ್ತು, ಗಾಳಿ ಒಳ್ಳೆಯದಿತ್ತು. ಗುಬ್ಬಿಗೆ ತಡೆಯಲಾಗಲಿಲ್ಲ, ಹೋಗಿ ಕೂತು ಬೆಲ್ಟ್ ಕಟ್ಟಿಕೊಂಡಳು. ಬಿಲ್ಲೆ ಆಗಲೇ ಒಳಗಿದೆ ಎಂದು ಅವಳು ಅಂದುಕೊಂಡಳು. ಅಂಟಣ್ಣ ತೇಪೆ ಮುಗಿಸಿ ಬಾಲದಿಂದ ಮೂಗಿನವರೆಗೂ ಕೈಯಾಡಿಸಿದರು. ಸೀಟಿನಲ್ಲಿ ಮಗಳಿದ್ದಳು. ಕೆಳಗೆ ಕೈ ಹಾಕಲಿಲ್ಲ.

“ಸರಿ,” ಎಂದರು.

ಮೈದಾನದ ಆ ತುದಿಯಲ್ಲಿ ತಂತಿ ಸುತ್ತಿ ಗ್ಲೈಡರನ್ನು ಎಳೆಯುವ ವಿಂಚ್ ಗುಡುಗಿತು, ತಂತಿ ಬಿಗಿಯಾಯಿತು, ಗ್ಲೈಡರ್ ಎದ್ದಿತು. ನಾವು ಚಪ್ಪಾಳೆ ಹೊಡೆದೆವು. ಅಂಟಣ್ಣ ಅಂಟಿನ ಡಬ್ಬಿ ಎತ್ತಿಕೊಳ್ಳಲು ಬಗ್ಗಿದರು. ಪಕ್ಕದಲ್ಲಿ ಅವರ ಜಾಕೆಟ್ ಬಿದ್ದಿತ್ತು. ಅದನ್ನೂ ಎತ್ತಿದರು. ಕೆಳಗೆ ಎರಡು ಬಿಲ್ಲೆ.

ಬಿಲ್ಲೆ ನೋಡಿ ಡಾಕ್ಟರು “ಅಯ್ಯೋ” ಅಂದರು. ಆಗ ನಮಗೆ ಗೊತ್ತಾಯಿತು. ತಲೆಯೆತ್ತುವಷ್ಟರಲ್ಲಿ ಗುಬ್ಬಿ ತಂತಿ ಕಳಚಿ ಮುನ್ನೂರು ಮೀಟರ್ ಮೇಲಿದ್ದಳು.

“ಫೋನ್ ಮಾಡ್ರೋ ಯಾರಾದ್ರೂ!” ಎಂದು ಕಿರುಚಿದರು ಅಂಟಣ್ಣ.

ನಾನು ಮಾಡಿದೆ. ಶೆಡ್ಡಿನೊಳಗೆ ಅವಳ ಚೀಲದಲ್ಲಿ ರಿಂಗಾಯಿತು.

ಆ ಗ್ಲೈಡರಿನಲ್ಲಿ ರೇಡಿಯೋ ಇಲ್ಲ. ಹುಲ್ಲಿನ ಮೇಲೆ ಬಿಳಿ ಬಟ್ಟೆ ಹಾಸಿ ‘ಇಳಿ’ ಅಂತ ಹೇಳಬಹುದು. ಆದರೆ ಇಳಿಯುವಾಗಲೇ ಅಪಾಯ ಜಾಸ್ತಿ. ‘ಭಾರ ಇಲ್ಲ, ಮೂಗು ಏಳದ ಹಾಗೆ ಹಿಡಿಕೆಯ ಕೋಲನ್ನು ಮುಂದಕ್ಕೇ ಒತ್ತಿ ಹಿಡಿ, ಜೋರಾಗಿಯೇ ಬಾ’ ಅನ್ನುವುದಕ್ಕೆ ಯಾವ ಬಟ್ಟೆ ಹಾಸಬೇಕು?

ಅಂಟಣ್ಣ ಒಂದು ಬಿಲ್ಲೆಯನ್ನು ಎರಡೂ ಕೈಯಲ್ಲಿ ತಲೆಯ ಮೇಲೆ ಎತ್ತಿ ಹಿಡಿದು ಮೈದಾನದ ನಡುವೆ ಓಡಿದರು. ನೂರಾನಾಲ್ಕು ಕಿಲೋ ಮನುಷ್ಯ ಅಷ್ಟು ವೇಗ ಓಡಿದ್ದನ್ನು ನಾನು ಯಾವತ್ತೂ ನೋಡಿಲ್ಲ. “ಗುಬ್ಬೀ, ಇಲ್ನೋಡೇ! ಇದು ನೋಡೇ!” ಎಂದು ಕೂಗುತ್ತಾ ಬಿಲ್ಲೆಯನ್ನು ಆಚೀಚೆ ಆಡಿಸಿದರು. ನಾವೂ ಹಿಂದೆ ಓಡಿ ಕೈ ಬೀಸಿದೆವು.

ಗುಬ್ಬಿ ನೋಡಿದಳು. ಅವಳಿಗೆ ಖುಷಿಯಾಗಿರಬೇಕು. ಕೋಲಿನಿಂದ ಒಂದು ಕೈ ತೆಗೆದು ನಮ್ಮತ್ತ ಬೀಸಿದಳು.

ತಕ್ಷಣ ಗ್ಲೈಡರಿನ ಮೂಗು ಎದ್ದಿತು. ಎದ್ದು, ಎದ್ದು, ಆಕಾಶದಲ್ಲಿ ನಿಂತೇಬಿಟ್ಟ ಹಾಗಾಗಿ, ಒಂದು ರೆಕ್ಕೆ ವಾಲಿತು. ಆಮೇಲೆ ಹೇಗೋ ಮೂಗು ಮತ್ತೆ ಕೆಳಗಾಯಿತು.

“ಕೈ ಇಳಿಸ್ರೀ!” ಅಂಟಣ್ಣ ನಮ್ಮ ಮೇಲೆ ಅರಚಿದರು. “ಯಾರೂ ಬೀಸ್ಬೇಡಿ! ಕೂತ್ಕೊಳ್ಳಿ, ದಮ್ಮಯ್ಯ, ಎಲ್ರೂ ಕೂತ್ಕೊಳ್ಳಿ!”

ಕೂತೆವು. ಬಿಸಿಲಿಗೆ ಕಾದ ಹುಲ್ಲಿನ ಮೇಲೆ ಹನ್ನೆರಡು ಜನ, ಕೈಗಳನ್ನು ತೊಡೆಯ ಕೆಳಗೆ ಸಿಕ್ಕಿಸಿಕೊಂಡು. ಮೇಲಿನವಳಿಗೆ ನಾವು ಮಾಡಬಹುದಾದ ಸಹಾಯ ಇಷ್ಟೇ, ಏನೂ ಮಾಡದಿರುವುದು. ಅಂಟಣ್ಣನ ಹೆಂಡತಿ ಶೆಡ್ಡಿನಿಂದ ಬಂದು ಗಂಡನ ಪಕ್ಕ ಕೂತರು. ಅಂಟಣ್ಣನ ಮಡಿಲಲ್ಲಿದ್ದ ಬಿಲ್ಲೆ ನೋಡಿದರು, ಮೇಲೆ ನೋಡಿದರು, ಬಾಯಿಗೆ ಸೆರಗು ಒತ್ತಿಕೊಂಡರು.

“ಎಷ್ಟೊತ್ತು ಬೇಕು ಇಳಿಯೋಕೆ?”

“ಗೊತ್ತಿಲ್ಲ ಕಣೇ. ಬಿಸಿಗಾಳಿ ಸಿಕ್ಕಿದ್ರೆ ಒಂದು ಗಂಟೇನೂ ಇರ್ತಾಳೆ.”

ಬಿಸಿಗಾಳಿ ಸಿಕ್ಕಿತ್ತು. ಬೇರೆ ದಿನವಾಗಿದ್ದರೆ ಕುಣಿದಾಡುತ್ತಿದ್ದೆವು. ನಲವತ್ತು ನಿಮಿಷ ಅವಳು ಸುತ್ತಿದಳು, ನಡುನಡುವೆ ಮೂಗು ಎತ್ತುತ್ತಾ, ತಗ್ಗಿಸುತ್ತಾ. ಪ್ರತಿ ಸಲ ಮೂಗು ಎದ್ದಾಗಲೂ ಅಂಟಣ್ಣನ ಎರಡು ಕೈಯೂ ತಾವಾಗಿಯೇ ಮುಂದಕ್ಕೆ ತಳ್ಳುತ್ತಿದ್ದವು, ಕೋಲು ಅವರ ಕೈಯಲ್ಲೇ ಇದ್ದ ಹಾಗೆ.

ಕೊನೆಗೆ ಬಂದಳು. ಸಿಕ್ಕಾಪಟ್ಟೆ ವೇಗದಲ್ಲಿ ಬಂದು, ನೆಲಕ್ಕೆ ಎರಡು ಸಲ ಪುಟಿದು, ಬೇಲಿಗೆ ಹತ್ತು ಹೆಜ್ಜೆ ಇರುವಾಗ ನಿಂತಳು. ಹೊಟ್ಟೆಯ ಕೆಳಗಿನ ಮರದ ಪಟ್ಟಿ ಸೀಳಿತ್ತು. ಅವಳಿಗೆ ಏನೂ ಆಗಿರಲಿಲ್ಲ, ತೋಳು ಮಾತ್ರ ಮರಗಟ್ಟಿತ್ತು.

“ಏನಪ್ಪಾ ಇದು, ಕುದುರೆ ಥರ ಎಗರುತ್ತೆ! ಕೋಲು ಒತ್ತೀ ಒತ್ತೀ ಕೈಯೇ ಬಿದ್ದೋಯ್ತು. ನೀವೇನೋ ಪಾರ್ಟಿ ಮಾಡ್ತಿದ್ರಿ ಕೆಳಗೆ!”

ಅಂಟಣ್ಣ ಬಿಲ್ಲೆ ತೋರಿಸಿದರು. ಅವಳು ಸೀಟಿನ ಕೆಳಗೆ ಕೈ ಹಾಕಿ ನೋಡಿದಳು. ಆಮೇಲೆ ಅವರ ಹೊಟ್ಟೆಗೆ ಮೆಲ್ಲಗೆ ಗುದ್ದಿ, “ಹೋಗ್ಲಿ ಬಿಡು, ನಾನೂ ನೋಡ್ಕೋಬೇಕಿತ್ತು,” ಅಂದಳು.

ಮೂರು ವಾರಕ್ಕೆ ಮರದ ಪಟ್ಟಿ ಹೊಸದಾಯಿತು. ಗ್ಲೈಡರ್ ಮತ್ತೆ ಮೈದಾನಕ್ಕೆ ಬಂತು. ಅಂಟಣ್ಣ ಬಿಲ್ಲೆ ಇಟ್ಟು ಬೋಲ್ಟ್ ಬಿಗಿದರು, ಬಿಚ್ಚಿದರು, ಮತ್ತೆ ಬಿಗಿದರು. ಬಾಲದಿಂದ ಮೂಗಿನವರೆಗೂ ಮೂರು ಸಲ ಬಂದರು. ಡಾಕ್ಟರೂ ಬಗ್ಗಿ ನೋಡಿದರು. ನಾನೂ ನೋಡಿದೆ. ಗುಬ್ಬಿ ಹತ್ತಿ ಕೂತಳು, ಬೆಲ್ಟ್ ಕಟ್ಟಿದಳು, ವಿಂಚಿನವರು ಎಂಜಿನ್ ಶುರುಮಾಡಿ ಕಾದರು.

“ಸರಿ ಅನ್ನಪ್ಪಾ.”

ಅಂಟಣ್ಣ ಬಾಯಿ ತೆರೆದರು. ‘ಸರಿ’ ಹೊರಗೆ ಬರಲಿಲ್ಲ. ಎಲ್ಲಾ ಸರಿಯಾಗಿಯೇ ಇತ್ತು, ಅದು ಅವರಿಗೂ ಗೊತ್ತಿತ್ತು.

“ಅಪ್ಪಾ?”

ಅವರು ರೆಕ್ಕೆ ಹಿಡಿದುಕೊಂಡು ನಿಂತೇ ಇದ್ದರು. ವಿಂಚಿನ ಎಂಜಿನ್ ಆಫ್ ಆಯಿತು. ಗುಬ್ಬಿ ಇನ್ನಷ್ಟು ಹೊತ್ತು ಕೂತಿದ್ದು, ಆಮೇಲೆ ಒಂದೊಂದೇ ಬೆಲ್ಟ್ ಬಿಚ್ಚತೊಡಗಿದಳು.